ರಾಣಿ ಏಳಲಿಲ್ಲ

ಗಂಡ ತೀರಿಕೊಂಡ ಮರುವರ್ಷ ನನಗೆ ಮೀಸೆ ಬಂತು.

ಜಯನಗರದ ನಮ್ಮ ಮಹಿಳಾ ಸಮಾಜದ ನಾಟಕಗಳಲ್ಲಿ ಗಂಡಸರಿಗೆ ಪ್ರವೇಶವಿರಲಿಲ್ಲ. ರಾಜ, ಮಂತ್ರಿ, ಋಷಿ, ಕಳ್ಳ, ಪೊಲೀಸ್ ಎಲ್ಲವನ್ನೂ ನಾವೇ ಮಾಡಬೇಕಿತ್ತು. ಯಾರು ಯಾವುದನ್ನು ಮಾಡಬೇಕು ಎಂಬುದಕ್ಕೆ ಬಾಯಿಬಿಟ್ಟು ಹೇಳದ ಒಂದು ಪದ್ಧತಿ ಇತ್ತು. ಹೆಣ್ಣಿನ ಪಾತ್ರ ಮುತ್ತೈದೆಯರಿಗೆ, ಗಂಡಿನ ಪಾತ್ರ ವಿಧವೆಯರಿಗೆ. ಕುಂಕುಮ, ಹೂವು, ಕರಿಮಣಿ, ಜರಿ ಸೀರೆ ಇರುವ ವೇಷವನ್ನು ವಿಧವೆಗೆ ಕೊಡಲು ಎಲ್ಲರಿಗೂ ಮುಜುಗರ. ಮೀಸೆ ಅಂಟಿಸಲು ಯಾರಿಗೂ ಮುಜುಗರವಿರಲಿಲ್ಲ. ನಾನು ಎತ್ತರದ ಹೆಂಗಸು, ದನಿಯೂ ಗಟ್ಟಿ. ಹಾಗಾಗಿ ಪ್ರತಿವರ್ಷ ನಾನೇ ರಾಜ, ಇಲ್ಲವೇ ಹುಡುಗಿಯ ಮದುವೆಗೆ ಅಡ್ಡ ಬರುವ ಅಪ್ಪ.

ದೊಡ್ಡ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ವಾರ್ಡ್ ಸಿಸ್ಟರ್ ಆಗಿ ನಿವೃತ್ತಳಾದವಳು ನಾನು. ಸಮಾಜದಲ್ಲೂ ಎಲ್ಲರಿಗೂ ನಾನು ಸಿಸ್ಟರೇ. ಹದಿನೆಂಟನೇ ವಯಸ್ಸಿಗೆ ನರ್ಸಿಂಗ್ ಹಾಸ್ಟೆಲ್ ಸೇರಿದಾಗ ಮಂಚದ ಚಾದರದ ಮೂಲೆಯನ್ನು ಹೇಗೆ ಮಡಿಸಬೇಕು ಎಂಬುದರಿಂದ ನಮ್ಮ ಶಿಕ್ಷಣ ಶುರುವಾಗಿತ್ತು. ಈಗಲೂ ನನ್ನ ಮನೆಯಲ್ಲಿ ಚಾದರ ಹಾಗೆಯೇ ಮಡಿಸಿರುತ್ತದೆ. ಬನಶಂಕರಿ ಎರಡನೇ ಹಂತದ ಮನೆಯಿಂದ ಹೊರಟು ಮೂರು ಗಂಟೆಗೆ ಸರಿಯಾಗಿ ಸಮಾಜದ ಹಾಲ್ ತಲುಪುತ್ತಿದ್ದೆ. ತಡವಾಗಿ ಬಂದವರು ಬಾಗಿಲು ಬಡಿಯಬೇಕಾಗುತ್ತಿತ್ತು, ಏಕೆಂದರೆ ಅಗಳಿ ಹಾಕುತ್ತಿದ್ದವಳು ನಾನು. ಇದಕ್ಕೆ ನನ್ನ ಮೇಲೆ ಸಿಟ್ಟಿದ್ದವರು ಬಹಳ ಜನ. ಇರಲಿ. ನಾಟಕದ ತಾಲೀಮು ನಡೆಯುತ್ತಿದ್ದದ್ದು ಮಧ್ಯಾಹ್ನದ ಊಟ ಮುಗಿದ ಮೇಲೆ, ಮಕ್ಕಳು ಶಾಲೆಯಿಂದ ಬರುವುದರೊಳಗೆ. ಆ ಒಂದೂವರೆ ಗಂಟೆಯಲ್ಲಿ ಹತ್ತು ನಿಮಿಷವನ್ನು ಚಕ್ಕುಲಿಗೆ ಕೊಡಬಹುದು, ಅರ್ಧ ಗಂಟೆಯನ್ನಲ್ಲ.

ತೊಂಬತ್ತರ ದಶಕದ ನಡುವಿನ ಒಂದು ವರ್ಷ, ಪಕ್ಕದ ಬಡಾವಣೆಯ ಸಮಾಜದವರು ಗಂಭೀರ ನಾಟಕ ಆಡಿ ಹೆಸರು ಮಾಡಿದರು. ನಮ್ಮ ಕಾರ್ಯದರ್ಶಿಗೆ ಅದನ್ನು ಅರಗಿಸಿಕೊಳ್ಳಲು ಆಗಲಿಲ್ಲ. ಆಕೆ ನನ್ನ ವಯಸ್ಸಿನವರೇ, ಗಂಡ ಬ್ಯಾಂಕಿನ ದೊಡ್ಡ ಹುದ್ದೆಯಿಂದ ನಿವೃತ್ತರಾದವರು, ಜಯನಗರದಲ್ಲಿ ಹಳೆಯ ಮನೆ. ಕೈಯಲ್ಲಿ ಕೆಲಸ ಹಿಡಿದರೆ ಮುಗಿಸದೆ ಬಿಡುವವರಲ್ಲ, ಆ ಗುಣಕ್ಕೆ ನಾನು ಮರ್ಯಾದೆ ಕೊಡುತ್ತೇನೆ. ಪರದೇಶದ ಹಳೆಯ ದುರಂತ ನಾಟಕವೊಂದರ ಕನ್ನಡ ರೂಪವನ್ನು ಎಲ್ಲಿಂದಲೋ ತಂದರು. ಕಥೆ ಸರಳ. ಒಬ್ಬ ರಾಜ. ಅವನಿಗೆ ಹೆಂಡತಿಯ ಮೇಲೆ ಜೀವ. ಅವನ ಆಪ್ತ ಮಂತ್ರಿ ಹೊಟ್ಟೆಕಿಚ್ಚಿನಿಂದ ಅವನ ಕಿವಿಯಲ್ಲಿ ಇಲ್ಲದ್ದನ್ನು ಊದುತ್ತಾನೆ. ರಾಜ ನಂಬುತ್ತಾನೆ. ಹಾಲಿನಲ್ಲಿ ವಿಷ ಬೆರೆಸಿ ತನ್ನ ಕೈಯಾರೆ ರಾಣಿಗೆ ಕುಡಿಸುತ್ತಾನೆ. ಅವಳು ಸತ್ತ ಮೇಲೆ ಸತ್ಯ ಗೊತ್ತಾಗುತ್ತದೆ, ಹೆಣದ ಪಕ್ಕದಲ್ಲಿ ಕೂತು ಅಳುತ್ತಾನೆ. ಪರದೆ.

ರಾಜ ನಾನು, ಹೇಳಬೇಕಾಗಿಲ್ಲ. ರಾಣಿ, ನಾಲ್ಕನೇ ಬ್ಲಾಕಿನ ಒಳ್ಳೆಯ ಮನೆತನದ ಚಿಕ್ಕ ಸೊಸೆ. ನೋಡಲು ಚಂದ, ಮಾತೂ ಚಂದ. ಮಂತ್ರಿಯ ಪಾತ್ರ ಬಿಟಿಎಂ ಲೇಔಟಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಧಾರವಾಡದ ಕಡೆಯ ಹೆಣ್ಣುಮಗಳಿಗೆ ಹೋಯಿತು. ಅವಳು ಬೆಳಿಗ್ಗೆ ನರ್ಸರಿ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದಳು. ಗಂಡ ಬದುಕಿದ್ದರೂ ಅವಳಿಗೆ ಗಂಡು ಪಾತ್ರ ಸಿಕ್ಕಿದ್ದು ಅವಳ ಮಾತಿನ ಧಾಟಿಯಿಂದ. ರಾಣಿಗೆ ಆ ಭಾಷೆ ಹೊಂದುವುದಿಲ್ಲವೆಂದು ಕಾರ್ಯದರ್ಶಿ ಹೇಳಿದ್ದರು. ಖಳನಿಗೆ ಹೇಗೆ ಹೊಂದುತ್ತದೆ ಎಂದು ಅವರು ಹೇಳಲಿಲ್ಲ.

ತಾಲೀಮು ಚೆನ್ನಾಗಿ ನಡೆಯಿತು. ರಾಜನ ಅಳುವಿನ ದೃಶ್ಯ ಬಂದಾಗಲೆಲ್ಲ ಗೋಡೆಯ ಪಕ್ಕ ಕೂತ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನ ಅಭಿನಯ ಅಷ್ಟು ಚೆನ್ನಾಗಿದೆ ಎಂದು ಮೊದಲು ಸಂತೋಷಪಟ್ಟೆ. ಆಮೇಲೆ ಅವರು ಆಡುವ ಮಾತುಗಳು ಕಿವಿಗೆ ಬಿದ್ದವು. ಪಾಪ ರಾಜ, ಅಷ್ಟೊಂದು ಪ್ರೀತಿ ಇದ್ದದ್ದಕ್ಕೇ ಅಲ್ಲವೇ ಅನುಮಾನ ಬಂದದ್ದು, ಪ್ರೀತಿ ಇಲ್ಲದಿದ್ದರೆ ಅವನಿಗೇನು ಆಗಬೇಕಿತ್ತು. ಕಾರ್ಯದರ್ಶಿಯೂ ತಲೆಯಾಡಿಸಿದರು. ಹೊಟ್ಟೆಕಿಚ್ಚಿಲ್ಲದ ಗಂಡಸಿಗೆ ಹೆಂಡತಿಯ ಮೇಲೆ ಪ್ರೀತಿ ಇಲ್ಲವೆಂದೇ ಅರ್ಥ, ನಾಟಕದ ತಿರುಳೇ ಅದು ಎಂದು ಅವರ ವಿವರಣೆ.

ನನಗೆ ಮೈ ಉರಿಯಿತು. ಆ ಮಾತಿನ ಪ್ರಕಾರ ನನ್ನ ಗಂಡನಿಗೆ ನನ್ನ ಮೇಲೆ ಪ್ರೀತಿಯೇ ಇರಲಿಲ್ಲ.

ನಾನು ರಾತ್ರಿಪಾಳಿ ಮಾಡಿದವಳು. ಆ ಕಾಲದಲ್ಲಿ ನಮ್ಮ ಬೀದಿಯಲ್ಲಿ ಬೆಳಗಿನ ಜಾವ ಮನೆಗೆ ಬರುವ ಹೆಂಗಸು ನಾನೊಬ್ಬಳೇ. ಒಂದು ಸಲ ಬಂದ್ ಆಗಿ ಬಸ್ಸು ಇಲ್ಲದೆ, ನಮ್ಮ ವಾರ್ಡಿನ ಡಾಕ್ಟರು ತಮ್ಮ ಕಾರಿನಲ್ಲಿ ಮನೆಯವರೆಗೆ ಬಿಟ್ಟುಹೋದರು. ಎದುರುಮನೆಯವರು, ನಮ್ಮ ಓರಗಿತ್ತಿ, ಹಾಲಿನವನು, ಎಲ್ಲರೂ ನನ್ನ ಗಂಡನಿಗೆ ಆ ಸುದ್ದಿಯನ್ನು ತಮ್ಮ ತಮ್ಮ ರೀತಿಯಲ್ಲಿ ಮುಟ್ಟಿಸಿದರು. ನಮ್ಮ ಯಜಮಾನರು ಕಾರ್ಖಾನೆಯಲ್ಲಿ ಟೈಮ್‌ಕೀಪರ್. ಅಂದು ಸಂಜೆ ಬಂದವರು, ಡಾಕ್ಟರಿಗೆ ಒಂದು ಲೋಟ ಕಾಫಿ ಕೊಟ್ಟು ಕಳಿಸಬಾರದಿತ್ತಾ ಎಂದು ಕೇಳಿದರು. ಅಷ್ಟೇ. ಮತ್ತೆ ಆ ವಿಷಯ ನಮ್ಮ ಮನೆಯಲ್ಲಿ ಬರಲಿಲ್ಲ. ಓರಗಿತ್ತಿ ನನ್ನ ಎದುರಿಗೇ ಹೇಳಿದ್ದಳು, ಇಂಥ ಗಂಡಸಿಗೆ ಹೆಂಡತಿ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ ಎಂದು. ಈಗ ಇಷ್ಟು ವರ್ಷದ ಮೇಲೆ, ಅವರು ತೀರಿಕೊಂಡ ಮೇಲೆ, ಅದೇ ಮಾತನ್ನು ಸಮಾಜದ ಹಾಲ್‌ನಲ್ಲಿ ಚಕ್ಕುಲಿ ತಿನ್ನುತ್ತಾ ಹೇಳುತ್ತಿದ್ದರು. ನನ್ನ ಮೂಗಿನ ಕೆಳಗೆ ಮೀಸೆ ಇದ್ದುದರಿಂದ ಸುಮ್ಮನಿದ್ದೆ. ಒತ್ತಿ ಮಾತಾಡಿದರೆ ಕಿತ್ತುಬರುತ್ತಿತ್ತು.

ಧಾರವಾಡದವಳು ಮಾತ್ರ ಬೇರೆ ಏನೋ ಯೋಚಿಸುತ್ತಿದ್ದಳು. ಅಂದು ಬಸ್ ಸ್ಟಾಪಿನವರೆಗೆ ಜೊತೆಯಲ್ಲಿ ನಡೆಯುವಾಗ ಹೇಳಿದಳು. "ಅಮ್ಮಾರ, ಹೆಂಡ್ತಿ ಒಬ್ಬಾಕಿನ್ನ ಬಿಟ್ಟು ಎಲ್ಲಾರನೂ ಕೇಳ್ತಾನ ನೋಡ್ರಿ ಈ ರಾಜಾ."

ಅಷ್ಟು ದಿನ ಆ ಮಾತುಗಳನ್ನೆಲ್ಲ ಬಾಯಿಪಾಠ ಮಾಡಿದ್ದ ನನಗೆ ಅದು ಕಂಡಿರಲಿಲ್ಲ. ನಿಜ. ಮಂತ್ರಿಯನ್ನು ಕೇಳುತ್ತಾನೆ, ದಾಸಿಯನ್ನು ಕೇಳುತ್ತಾನೆ, ಆಕಾಶ ನೋಡಿ ದೇವರನ್ನು ಕೇಳುತ್ತಾನೆ. ಹಾಲು ಕುಡಿಸುವ ಮುನ್ನ ರಾಣಿಯನ್ನು ಒಂದು ಮಾತು ಕೇಳುವುದಿಲ್ಲ. ಮರುದಿನದಿಂದ ರಾಜನ ಮಾತುಗಳನ್ನು ಹೇಳುವುದು ನನಗೆ ಕಷ್ಟವಾಯಿತು.

ವಾರ್ಷಿಕೋತ್ಸವ ಹತ್ತಿರ ಬಂದಾಗ ಕಾರ್ಯದರ್ಶಿ ಹೊಸ ಕೊನೆಯ ದೃಶ್ಯವೊಂದನ್ನು ಬರೆದು ತಂದರು. ರಾಜ ಅಳುತ್ತಿರುವಾಗ ಒಬ್ಬ ಋಷಿ ಬರುತ್ತಾನೆ. ಕಮಂಡಲದಿಂದ ತೀರ್ಥ ಚಿಮುಕಿಸುತ್ತಾನೆ. ರಾಣಿ ನಿದ್ದೆಯಿಂದ ಎದ್ದವಳ ಹಾಗೆ ಏಳುತ್ತಾಳೆ, ರಾಜನ ಪಾದಕ್ಕೆ ನಮಸ್ಕರಿಸುತ್ತಾಳೆ, ಎಲ್ಲರೂ ನಿಂತು ಮಂಗಳ ಹಾಡುತ್ತಾರೆ. ಋಷಿಯ ಪಾತ್ರ ಕಾರ್ಯದರ್ಶಿಯವರದೇ, ದೇವರಂಥ ಗಂಡಸಿಗೆ ಪದ್ಧತಿ ಅಡ್ಡ ಬರಲಿಲ್ಲ.

ನಮ್ಮ ಸಮಾಜದ ಯಾವ ನಾಟಕವೂ ಮಂಗಳವಿಲ್ಲದೆ ಮುಗಿದಿರಲಿಲ್ಲ, ಅದು ನನಗೂ ಗೊತ್ತಿತ್ತು. ಆದರೂ ಇದು ಆಗುವುದಿಲ್ಲ ಎಂದೆ.

"ಅಲ್ಲ ಸಿಸ್ಟರ್, ವಾರ್ಷಿಕೋತ್ಸವದ ದಿನ ಮುತ್ತೈದೆ ಹೆಣ ಸ್ಟೇಜ್ ಮೇಲೆ ಬಿದ್ದಿರೋವಾಗ ಮಂಗಳ ಹೇಗ್ರೀ ಹಾಡೋದು? ಸಾಯ್ಲಿ, ಬೇಡ ಅಂದೋರ್ಯಾರು? ಸತ್ತು ಎದ್ದೇಳ್ಲಿ."

"ಸತ್ತೋರು ಏಳಲ್ಲ ಮೇಡಂ. ನಾನು ಬೇಕಾದಷ್ಟು ನೋಡಿದೀನಿ."

ಸೇವೆಯ ಕೊನೆಯ ವರ್ಷಗಳನ್ನು ನಾನು ಕಳೆದದ್ದು ಸುಟ್ಟಗಾಯದ ವಾರ್ಡಿನಲ್ಲಿ. ಅಲ್ಲಿಗೆ ಬಂದ ಎಳೆಯ ಹೆಂಗಸರಲ್ಲಿ ಬಹಳಷ್ಟು ಜನ ಸ್ಟವ್ ಸಿಡಿಯಿತು ಎನ್ನುತ್ತಿದ್ದರು. ಹಾಗೆನ್ನುವಾಗ ಬಾಗಿಲ ಕಡೆ ನೋಡುತ್ತಿದ್ದರು. ಬಾಗಿಲ ಆಚೆ ಗಂಡ ನೆಲದ ಮೇಲೆ ಕೂತು ಅಳುತ್ತಿರುತ್ತಿದ್ದ. ಊಟ ಬಿಟ್ಟಿರುತ್ತಿದ್ದ. ಅವನ ಕಡೆಯವರು ನಮ್ಮ ಹತ್ತಿರ ಬಂದು ಹೇಳುತ್ತಿದ್ದರು, ಸಿಸ್ಟರ್, ಅವನಿಗೆ ಹೆಂಡ್ತಿ ಅಂದರೆ ಪ್ರಾಣ, ಸ್ವಲ್ಪ ಅನುಮಾನದ ಸ್ವಭಾವ ಅಷ್ಟೆ. ಆ ಅಳು ಸುಳ್ಳು ಎಂದು ನಾನು ಹೇಳುವುದಿಲ್ಲ. ನಿಜವಾದ ಅಳುವೇ. ಅದರಿಂದ ಒಳಗಿದ್ದವಳ ಚರ್ಮ ಮಾತ್ರ ಮತ್ತೆ ಬರಲಿಲ್ಲ. ಆ ಅಳುವನ್ನು ನೋಡಿ ಅವನ ಕೈಗೆ ಕಾಫಿ ಕೊಟ್ಟು ಸಮಾಧಾನ ಮಾಡುತ್ತಿದ್ದವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಈಗ ನಮ್ಮ ಹಾಲ್‌ನಲ್ಲಿ ಅವನಿಗೆ ಹೆಂಡತಿಯನ್ನೇ ವಾಪಸು ಕೊಟ್ಟು, ಅವಳ ಕೈಯಿಂದಲೇ ಅವನ ಕಾಲು ಮುಟ್ಟಿಸುವ ಯೋಜನೆ.

ಇಷ್ಟನ್ನೂ ನಾನು ಕಮಿಟಿಯ ಮುಂದೆ ಹೇಳಿದೆ. ಒಬ್ಬರು, ತಿಂಡಿಯ ಹೊತ್ತಿನಲ್ಲಿ ಇದೆಲ್ಲ ಯಾಕೆ ಸಿಸ್ಟರ್ ಎಂದರು. ದೃಶ್ಯ ಹಾಗೆಯೇ ಉಳಿಯಿತು.

ಅಷ್ಟರಲ್ಲಿ ಬೇರೆ ತೊಂದರೆ ಬಂತು. ರಾಣಿಯ ಪಾತ್ರದ ಸೊಸೆ ಒಂದು ಮಧ್ಯಾಹ್ನ ಬಾಗಿಲಲ್ಲೇ ನಿಂತಳು, ಒಳಗೆ ಬರಲಿಲ್ಲ. ಸತ್ತು ಎದ್ದರೂ ಸತ್ತದ್ದು ಸತ್ತದ್ದೇ, ಮುತ್ತೈದೆ ಕುಂಕುಮ ಇಟ್ಟುಕೊಂಡು ಹೆಣವಾಗಿ ಮಲಗಬಾರದು ಎಂದು ಮನೆಯಲ್ಲಿ ಅತ್ತೆ ಹೇಳಿದರಂತೆ. ಅವಳ ಕಣ್ಣಲ್ಲಿ ನೀರಿತ್ತು. ಕಾರ್ಯದರ್ಶಿ ಇನ್ನೊಬ್ಬರನ್ನು ಕೇಳಿದರು, ಮತ್ತೊಬ್ಬರನ್ನು ಕೇಳಿದರು. ಎಲ್ಲರಿಗೂ ಮನೆಯಲ್ಲಿ ಗಂಡ ಇದ್ದ, ಎಲ್ಲರಿಗೂ ಅದೇ ಭಯ. ಹಾಲ್ ಬುಕ್ ಆಗಿತ್ತು, ಆಮಂತ್ರಣ ಪತ್ರಿಕೆ ಅಚ್ಚಾಗಿತ್ತು.

"ನಾನು ಮಾಡ್ತೀನಿ," ಎಂದೆ.

ಎಲ್ಲರೂ ನನ್ನ ಹಣೆ ನೋಡಿದರು. ಅಲ್ಲಿ ಏನೂ ಇರಲಿಲ್ಲ. ನನಗೆ ಆಗ ಅರವತ್ತು ದಾಟಿತ್ತು, ತಲೆ ಅರ್ಧ ಬೆಳ್ಳಗಾಗಿತ್ತು. ಜನ ಏನಂದುಕೊಳ್ತಾರೆ ಸಿಸ್ಟರ್ ಎಂದರು ಕಾರ್ಯದರ್ಶಿ. ಸಾಯೋದಕ್ಕೆ ಮುತ್ತೈದೆ ಬೇಡ ಅಂತೀರಿ, ಸಿಂಗಾರಕ್ಕೆ ವಿಧವೆ ಬೇಡ ಅಂತೀರಿ, ಹಾಗಾದರೆ ರಾಣಿಯ ಪಾತ್ರಕ್ಕೆ ಯಾರನ್ನು ಹುಟ್ಟಿಸಿ ತರೋಣ ಎಂದು ಕೇಳಿದೆ. ಗೋಡೆಯ ಪಕ್ಕದಿಂದ ಯಾರೋ ಕಿಸಕ್ಕೆಂದು ನಕ್ಕರು. ಬೇರೆ ದಾರಿ ಇರಲಿಲ್ಲ. ಒಪ್ಪಿಕೊಂಡರು. ರಾಜನ ಪಾತ್ರ ಧಾರವಾಡದವಳಿಗೆ ಹೋಯಿತು, ಅವಳಿಗೆ ಎಲ್ಲರ ಮಾತೂ ಬಾಯಿಪಾಠ. ತೆರೆಯ ಹಿಂದೆ ನಿಂತು ಮಾತು ನೆನಪಿಸುತ್ತಿದ್ದವರು ಮಂತ್ರಿಯಾದರು.

ನಾನು ಮುಚ್ಚಿಟ್ಟು ಏನನ್ನೂ ಮಾಡುವವಳಲ್ಲ. ಕೊನೆಯ ತಾಲೀಮಿನ ದಿನ ಎಲ್ಲರ ಮುಂದೆ ಹೇಳಿದೆ, ತೀರ್ಥ ಹಾಕಿದರೂ ನಾನು ಏಳುವುದಿಲ್ಲ ಎಂದು. ಕಾರ್ಯದರ್ಶಿ ನಕ್ಕರು.

"ಎಲ್ರೂ ನಿಂತ್ಕೊಂಡು ಮಂಗಳ ಹಾಡ್ತಿರ್ತೀವಿ, ನೀವೊಬ್ರೇ ಮಲಗಿರ್ತೀರಾ? ನೋಡೋಣ ಬಿಡಿ, ನಿಮ್ಮ ಸೊಂಟ ಎಷ್ಟು ಹೊತ್ತು ತಡ್ಕೊಳ್ಳುತ್ತೆ ಅಂತ."

ನಾಟಕದ ದಿನ ಮೇಕಪ್ ಮಾಡಲು ಪೇಟೆಯಿಂದ ಬಂದವನಿಗೆ ನಮ್ಮ ಪದ್ಧತಿ ಗೊತ್ತಿರಲಿಲ್ಲ. ರಾಣಿ ಯಾರು ಎಂದು ಕೇಳಿದ. ನಾನು ಮುಂದೆ ಬಂದು ಕೂತೆ. ಅವನು ಒಂದು ಕ್ಷಣ ನನ್ನ ಸುಕ್ಕುಗಳನ್ನು ನೋಡಿ, ಆಂಟಿ ಸ್ವಲ್ಪ ಜಾಸ್ತಿ ಬಣ್ಣ ಬೇಕಾಗುತ್ತೆ ಎಂದ. ಹಾಕು ಎಂದೆ. ಹಣೆಗೆ ಕುಂಕುಮ ಇಟ್ಟ, ತಲೆಗೆ ಮಲ್ಲಿಗೆ ಮುಡಿಸಿದ, ಮುಂದಿನವರನ್ನು ಕರೆದ. ಕನ್ನಡಿಯಲ್ಲಿ ನನಗೆ ಕಂಡದ್ದು ವಯಸ್ಸಾದ ಒಬ್ಬ ರಾಣಿ. ಆ ಮುಖ ನನಗೆ ಇಷ್ಟವಾಯಿತು. ಮೀಸೆಗಿಂತ ಹಗುರವಾಗಿತ್ತು.

ಹಾಲ್ ತುಂಬಿತ್ತು. ನಾನು ವೇದಿಕೆಗೆ ಬಂದಾಗ ಮುಂದಿನ ಸಾಲುಗಳಲ್ಲಿ ಪಿಸುಮಾತು ಎದ್ದಿತು, ಅದು ನನ್ನ ಮೊದಲ ಮಾತಿನವರೆಗೆ ಮಾತ್ರ. ಧಾರವಾಡದವಳು ರಾಜನನ್ನು ನನ್ನ ಹಾಗೆ ಮಾಡಲಿಲ್ಲ. ನಾನು ರಾಜನನ್ನು ಗುಡುಗಿಸುತ್ತಿದ್ದೆ. ಅವಳ ರಾಜ ಮೆತ್ತಗೆ ಮಾತಾಡಿದ. ಮಂತ್ರಿಯ ಮಾತು ಕೇಳುತ್ತಾ ಕೇಳುತ್ತಾ ಅವನ ಮುಖ ಸಣ್ಣದಾಗುತ್ತಿತ್ತು. ಹಾಲಿನ ಬಟ್ಟಲನ್ನು ನನ್ನ ತುಟಿಗೆ ಹಿಡಿದು ಇನ್ನೊಂದು ಕೈಯಲ್ಲಿ ನನ್ನ ತಲೆ ಸವರಿದಳು. ಪ್ರೇಕ್ಷಕರಲ್ಲಿ ಯಾರೋ ಬೇಡ ಎಂದು ಸಣ್ಣಗೆ ಹೇಳಿದ್ದು ನನಗೆ ಕೇಳಿಸಿತು. ಕುಡಿದೆ. ಸತ್ತೆ. ಮಲಗುವುದು ಹೇಗೆ ಎಂದು ನನಗೆ ಗೊತ್ತಿತ್ತು. ಹೆಣದ ಕೈ ಹೇಗೆ ಬೀಳುತ್ತದೆ, ಕತ್ತು ಹೇಗೆ ವಾಲುತ್ತದೆ, ಬಾಯಿ ಎಷ್ಟು ತೆರೆದಿರುತ್ತದೆ ಎಲ್ಲವೂ.

ಸತ್ಯ ಹೊರಬಿತ್ತು. ರಾಜ ನನ್ನ ಪಕ್ಕ ಕೂತು ಅತ್ತ. ಮೂಗು ಸೇದುವ ಸದ್ದು ಹಾಲ್ ತುಂಬ.

ಆಗ ಋಷಿ ಬಂದರು. ಕಾರ್ಯದರ್ಶಿಯವರ ಮರದ ಪಾದುಕೆಯ ಸದ್ದು ನನ್ನ ತಲೆಯ ಹತ್ತಿರ ನಿಂತಿತು. ತಾವು ಬರೆದ ಮಾತುಗಳನ್ನು ಹೇಳಿ ತೀರ್ಥ ಚಿಮುಕಿಸಿದರು. ತಣ್ಣನೆಯ ನೀರು ಕೆನ್ನೆಯ ಮೇಲೆ ಬಿತ್ತು. ನಾನು ಅಲುಗಲಿಲ್ಲ. ಹಾರ್ಮೋನಿಯಂ ಮಂಗಳದ ಮಟ್ಟು ಹಿಡಿದು, ನಿಲ್ಲಿಸಿ, ಮತ್ತೆ ಮೊದಲಿನಿಂದ ಹಿಡಿಯಿತು. ಮತ್ತೊಮ್ಮೆ ತೀರ್ಥ. ಈ ಸಲ ಕಮಂಡಲವೇ ಬಗ್ಗಿತು, ನೀರು ಕಿವಿಯೊಳಗೆ ಹೋಯಿತು. ಬಾಗಿ, ಗಡ್ಡ ನನ್ನ ಮುಖಕ್ಕೆ ತಾಗುವ ಹಾಗೆ, "ಏಳ್ರೀ ಸಿಸ್ಟರ್, ಮಾನ ಕಳೀಬೇಡಿ" ಎಂದರು. ಸೊಂಟ ನೋಯುತ್ತಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಉಸಿರನ್ನು ಹೊಟ್ಟೆಯಿಂದ ಮಾತ್ರ, ಸೆರಗು ಅಲುಗದ ಹಾಗೆ, ತೆಗೆದುಕೊಳ್ಳುತ್ತಾ ಮಲಗಿದ್ದೆ. ಹಾಲ್‌ನಲ್ಲಿ ಯಾರೂ ನಗಲಿಲ್ಲ. ಎಲ್ಲರೂ ಕಾಯುತ್ತಿದ್ದರು.

ಆಗ ರಾಜನ ದನಿ ಬಂತು. ನಾಟಕದ ಭಾಷೆಯಲ್ಲಲ್ಲ, ಅವಳ ಮನೆಯ ಭಾಷೆಯಲ್ಲಿ.

"ಆಕಿ ಏಳೂದಿಲ್ರಿ, ಸ್ವಾಮಿಗಳ. ಆಕಿನ್ನ ನಾ ಕೊಂದೇನಿ."

ಆ ಮಾತು ಯಾವ ಪುಟದಲ್ಲೂ ಇರಲಿಲ್ಲ. ಅವಳಿಗೆ ನಾನು ಹೇಳಿಕೊಟ್ಟದ್ದೂ ಅಲ್ಲ. ಋಷಿ ಕಮಂಡಲ ಹಿಡಿದು ನಿಂತೇ ಇದ್ದರು. ಹಾರ್ಮೋನಿಯಂ ನಿಂತುಹೋಯಿತು. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು, ಯಾರೆಂದು ಇಂದಿಗೂ ಗೊತ್ತಿಲ್ಲ, ಪರದೆ ಹಾಕ್ರಮ್ಮ ಎಂದರು. ಬೈಗುಳವಾಗಿರಲಿಲ್ಲ ಅದು. ಸಾವಿನ ಮನೆಯಲ್ಲಿ ಯಾರಾದರೂ ದೊಡ್ಡವರು ಬಾಗಿಲು ಹಾಕಿ ಎನ್ನುವ ಹಾಗೆ ಇತ್ತು. ಪರದೆ ಬಿತ್ತು. ಮಂಗಳ ಹಾಡಲಿಲ್ಲ. ಚಪ್ಪಾಳೆಯೂ ಬರಲಿಲ್ಲ, ಜನ ಸುಮ್ಮನೆ ಎದ್ದು ಚಪ್ಪಲಿ ಹುಡುಕಿಕೊಂಡು ಹೋದರು.

ಮುಂದಿನ ಗುರುವಾರ ಕಮಿಟಿ ಸಭೆ. ನಾನು ಹೊತ್ತಿಗೆ ಸರಿಯಾಗಿ ಹೋಗಿ ಕೂತೆ. ಸಮಾಜದ ಸಂಪ್ರದಾಯ ಮುರಿದದ್ದಕ್ಕೆ ನಾನೂ ಧಾರವಾಡದವಳೂ ಕ್ಷಮೆ ಕೇಳಬೇಕೆಂದು ಠರಾವು ತಂದಿದ್ದರು. ಅವಳಿಗೂ ಇದಕ್ಕೂ ಸಂಬಂಧವಿಲ್ಲ, ಏಳದೆ ಇದ್ದವಳು ನಾನು ಎಂದೆ. ಇದೆ ಎಂದು ಅವಳೇ ಹೇಳಿದಳು. ಕಾರ್ಯದರ್ಶಿಗೆ ನಿಜವಾಗಿ ನೋವಾಗಿತ್ತು.

"ಒಂದು ಸಲ ಎದ್ದಿದ್ರೆ ನಿಮಗೇನು ಹೋಗ್ತಿತ್ತು ಸಿಸ್ಟರ್? ನಾಟಕ ತಾನೇ?"

"ನಾನು ಎದ್ದಿದ್ರೆ ಅವನು ಏನೂ ಮಾಡೇ ಇಲ್ಲ ಅಂತಾಗ್ತಿತ್ತು ಮೇಡಂ. ಕೂತಿದ್ದೋರೆಲ್ಲ ಹಗುರವಾಗಿ ಮನೆಗೆ ಹೋಗ್ತಿದ್ರು."

ನಾವಿಬ್ಬರೂ ಕ್ಷಮೆ ಕೇಳಲಿಲ್ಲ. ನಮಗೆ ಪಾತ್ರ ಕೊಡಬಾರದೆಂದು ತೀರ್ಮಾನವಾಯಿತು. ಧಾರವಾಡದವಳು ಬಿಟಿಎಂನಲ್ಲೇ ತನ್ನ ಶಾಲೆಯ ಹೆಂಗಸರನ್ನು ಸೇರಿಸಿ ಬೇರೆ ತಂಡ ಕಟ್ಟಿದಳು. ನಾನು ಸಮಾಜವನ್ನು ಬಿಡಲಿಲ್ಲ. ಬಿಡಲಿ ಎಂದು ಕೆಲವರು ಕಾದರು, ಅದಕ್ಕೇ ಬಿಡಲಿಲ್ಲ. ವರ್ಷವರ್ಷ ಚಂದಾ ಕಟ್ಟಿ ವಾರ್ಷಿಕೋತ್ಸವಕ್ಕೆ ಹೋಗಿ ಮೊದಲ ಸಾಲಿನಲ್ಲಿ ಕೂರುತ್ತೇನೆ. ಎರಡು ಸಾವಿರದ ಇಸವಿ ದಾಟಿದ ಮೇಲೂ ಅಲ್ಲಿ ಗಂಡಂದಿರು ಅನುಮಾನ ಪಡುತ್ತಲೇ ಇದ್ದಾರೆ, ಹೆಂಡತಿಯರು ಕೊನೆಯ ದೃಶ್ಯದಲ್ಲಿ ಕ್ಷಮಿಸುತ್ತಲೇ ಇದ್ದಾರೆ. ಅವಳು ಬಗ್ಗಿ ಅವನ ಕಾಲು ಮುಟ್ಟುವಾಗ ಸುತ್ತ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಮೇಲೆ ವೇದಿಕೆಯಿಂದ ನೋಡಿದರೆ ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ಒಬ್ಬಳು ಮುದುಕಿ ಕೈಕಟ್ಟಿ ಕೂತಿರುವುದು ಅವರಿಗೆ ಕಾಣುತ್ತದೆ. ಕಾಣಲಿ ಎಂದೇ ಅಲ್ಲಿ ಕೂರುತ್ತೇನೆ.